ಕೈರೋ–ಬೈರೂತ್ ನಡುವಿನ ಕೀಲು

ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನಿಗೆ ಓದಿದವರ ತಪ್ಪು ಕಂಡಾಗ ಆಗುವ ಆನಂದ ಎಂಥದೆಂದು ಪದವಿ ಪಡೆದವರಿಗೆ ಗೊತ್ತಾಗಲಾರದು. ಲಂಡನ್ನಿನ ಹೌನ್ಸ್ಲೋದಲ್ಲಿ ಇಪ್ಪತ್ತು ವರ್ಷದಿಂದ ಮರಗೆಲಸ ಮಾಡುತ್ತಿದ್ದೇನೆ. ಹಿಡಿದ ಕೆಲಸ ಅರ್ಧಕ್ಕೆ ಬಿಟ್ಟವನಲ್ಲ, ಯಾರ ಸಹಾಯ ಕೇಳಿದವನೂ ಅಲ್ಲ. ಈ ಎರಡನೆಯ ಮಾತು ಬಂದಾಗಲೆಲ್ಲ ನನ್ನ ಹೆಂಡತಿ ಗಿರಿಜಾ ಕೆಮ್ಮುತ್ತಾಳೆ.

ಮೊನ್ನೆ ಅಕ್ಸ್‌ಬ್ರಿಡ್ಜ್‌ನಲ್ಲಿ ಒಂದು ಪ್ರದರ್ಶನ ಜೋಡಿಸುವ ಕೆಲಸ ಸಿಕ್ಕಿತು. ಕೈರೋ, ಬೈರೂತ್, ಅಮ್ಮಾನ್, ಟ್ಯೂನಿಸ್ ಈ ನಾಲ್ಕು ಅರಬ್ ಊರುಗಳಲ್ಲಿ ಹಳೇ ಬೀದಿಗಳನ್ನು ಅಳೆದು, ಅಲ್ಲಿನವರ ಹಾಡು, ಕಥೆ ಕೂಡಿಡುವ ನಾಲ್ಕು ಗುಂಪುಗಳು ಮೊದಲ ಸಲ ಒಟ್ಟಾಗಿದ್ದವು. ವರ್ಷವಿಡೀ ವಿಡಿಯೋ ಮೀಟಿಂಗ್ ನಡೆಸಿ ಬಣ್ಣ, ಅಕ್ಷರ ಎಲ್ಲ ಒಂದೇ ಮಾಡಿಕೊಂಡಿದ್ದರು. ಊರಿಗೊಂದು ಚಿತ್ರದ ಹಲಗೆ, ಒಂದೊಂದೂ ಆರಡಿ ಅಗಲ. ಗೋಡೆ ಇಪ್ಪತ್ತೇ ಅಡಿ. ಪಾಪ, ಗೋಡೆಯನ್ನು ಯಾರೂ ಮೀಟಿಂಗಿಗೆ ಕರೆದಿರಲಿಲ್ಲ! ನಾನು ಒಳಗೊಳಗೇ ನಕ್ಕೆ.

ಸಂಜೆ ಆರಕ್ಕೆ ಉದ್ಘಾಟನೆ. ಯಾರ ಊರನ್ನು ಕತ್ತರಿಸುವುದು? “ಬುಲ್ಡೋಜರ್ ಅರ್ಧ ಬೀದಿ ತಿಂದಿದೆ, ಉಳಿದರ್ಧ ನೀವು ತಿನ್ನಬೇಡಿ,” ಎಂದರು ಬೈರೂತಿನವರು. “ನಮ್ಮ ಮೆಟ್ಟಿಲು ಕತ್ತರಿಸಿದರೆ ಹತ್ತುತ್ತಿರುವ ಮುದುಕಿ ಎಲ್ಲಿಗೆ ಹೋಗಬೇಕು?” ಎಂದರು ಅಮ್ಮಾನಿನವರು. ಎಲ್ಲರ ಮೇಲ್ವಿಚಾರಕಿ ನಾದಿಯಾ ಸೋತ ದನಿಯಲ್ಲಿ, “ಮೂರೇ ಊರು ಇಡೋಣವೇ?” ಎಂದರು.

“ಹಾಗಾದ್ರೆ ಒಟ್ಟಾಗಿ ಮಾಡಿದ್ದು ಅಂತ ಬಾಗಿಲಲ್ಲಿ ಹಾಕಿರೋ ಬೋರ್ಡನ್ನೂ ಇಳಿಸ್ಬೇಕಾಗುತ್ತೆ, ಮೇಡಂ,” ಎಂದೆ. “ಗೋಡೇನೇ ಬೇಡ. ನಾಲ್ಕಕ್ಕೂ ಕೀಲು ಹಾಕಿ, ಮಡಚೋ ಪರದೆ ಥರ ನೆಲದ ಮೇಲೆ ನಿಲ್ಲಿಸ್ತೀನಿ. ಒಂದನ್ನೊಂದು ಹಿಡ್ಕೊಂಡು ನಿಲ್ಲುತ್ವೆ.”

ಚಪ್ಪಾಳೆ ಬಿತ್ತು. ಬೆಳಿಗ್ಗೆ ಹತ್ತು ಗಂಟೆಗೆ ಗಿರಿಜಾಳಿಗೆ ಫೋನ್ ಮಾಡಿ ಕೊಚ್ಚಿಕೊಂಡೆ. “ಕೀಲು ಹಾಕೋಕೆ ಇಬ್ಬರು ಬೇಕಲ್ಲ? ಬಸಣ್ಣನಿಗೆ ಫೋನ್ ಮಾಡ್ರೀ,” ಎಂದಳು. ಬಸವರಾಜ ಧಾರವಾಡದವನು, ಲಂಡನ್ನಿನ ಇನ್ನೊಂದು ತುದಿಯ ಕ್ರೋಯ್ಡನ್ನಿನಲ್ಲಿದ್ದಾನೆ, ಒಂದು ಕಾಲಕ್ಕೆ ನನ್ನ ಪಾಲುದಾರ. ಎರಡು ವರ್ಷದ ಹಿಂದೆ ಯುಗಾದಿ ನಾಟಕದಲ್ಲಿ ನಾವು ಕಟ್ಟಿದ ಅರಮನೆ ಮಹಾರಾಜರ ಮೇಲೆಯೇ ಕುಸಿಯಿತು. ಮೊಳೆ ಹೊಡೆದಿದ್ದು ನಾನು. ಸ್ಕ್ರೂ ಹಾಕು ಎಂದಿದ್ದು ಅವನು. ಅಂದಿನಿಂದ ಮಾತಿಲ್ಲ.

“ಸಾಧ್ಯವೇ ಇಲ್ಲ,” ಎಂದೆ.

“ಬೈರೂತಿನೋರು ಕೈರೋವರೆಗೂ ಕೈ ಚಾಚಿದ್ದಾರೆ, ನಿಮಗೆ ಕ್ರೋಯ್ಡನ್ ದೂರ ಆಯ್ತಾ?”

ಫೋನ್ ಇಟ್ಟೆ. ಹಲಗೆ ಹಿಡಿಯಲು ವಿದ್ವಾಂಸರನ್ನೇ ನಿಲ್ಲಿಸಿದೆ. ಕೈಯಾಡಿಸದೆ ಚರ್ಚೆ ಮಾಡುವುದು ಅವರಿಗೆ ಬಾರದು; ಎರಡು ಸಲ ಟ್ಯೂನಿಸ್ ನನ್ನ ಹೆಬ್ಬೆರಳ ಮೇಲೆ ಬಿತ್ತು. ಹನ್ನೆರಡೂವರೆಗೆ, ಹಿಡಿದ ಕೆಲಸ ದೊಡ್ಡದೋ ಹಿಡಿದ ಹಟವೋ ಎಂದು ಯೋಚಿಸಿ, ಕೆಲಸವೇ ಎಂದು ತೀರ್ಮಾನಿಸಿ, ಫೋನ್ ಒತ್ತಿದೆ.

“ಬಸಣ್ಣಾ, ಒಂದಿಷ್ಟು ಕೀಲು ಹಾಕೋದಿತ್ತು.”

“ಮೊಳೀನೋ, ಸ್ಕ್ರೂನೋ?”

“ಸ್ಕ್ರೂ.”

“ಹಂಗ ಬಾ ಹಾದಿಗೆ. ನಾ ಬರೂತನಕಾ ಏನೂ ಮುಟ್ಟಬ್ಯಾಡ ನೋಡು.”

ಐದೇ ನಿಮಿಷದಲ್ಲಿ ಬಾಗಿಲಲ್ಲಿ ನಿಂತಿದ್ದ. ಹೇಗೆ ಬಂದೆ ಎಂದು ಕೇಳಲು ನನಗೆ ಪುರುಸೊತ್ತಿರಲಿಲ್ಲ. ಅವನು ಹಿಡಿದ, ನಾನು ಬಿಗಿದೆ. ಐದೂವರೆಗೆ ನಾಲ್ಕು ಊರೂ ಹೆಗಲಿಗೆ ಹೆಗಲು ಕೊಟ್ಟು ನಿಂತವು. ನಾದಿಯಾ ಕಣ್ಣೊರೆಸಿಕೊಂಡರು.

ಚಹಾ ಕುಡಿಯುವಾಗ ಕೇಳಿದೆ, “ಕ್ರೋಯ್ಡನ್ನಿಂದ ಐದು ನಿಮಿಷಕ್ಕೆ ಹೆಂಗೋ ಬಂದೆ?”

“ಗಿರಿಜಕ್ಕ ಹತ್ತಕ್ಕ ಫೋನ್ ಮಾಡಿದ್ದಳು. ನಾ ಹೊರಗ ವ್ಯಾನಿನ್ಯಾಗ ಕುಂತಿದ್ದೆ.”

“ಮೊದಲೇ ಒಳಗೆ ಬಂದಿದ್ರೆ ನಾನು ಫೋನ್ ಮಾಡೋದು ತಪ್ಪುತ್ತಿತ್ತಲ್ಲಯ್ಯಾ!”

“ಅದಕ್ಕ ಬರಲಿಲ್ಲ.”

ಓದಿದವರು ಗೋಡೆ ಅಳೆಯಲು ಮರೆತರೆಂದು ನಕ್ಕವನು ನಾನು. ನನ್ನ ಅಳತೆಯನ್ನು ಮಾತ್ರ ಮನೆಯಲ್ಲಿ ಗಿರಿಜಾ ಎಂದೋ ತೆಗೆದಿಟ್ಟುಕೊಂಡಿದ್ದಾಳೆ.