ಬಸ್ಸಿನ ದೆಸೆಯಿಂದ ಡಬ್ಬಿಯಲ್ಲೇ ಉಳಿದ ಕೊನೆಯ ರೀಲಿಗೆ

ಮಾನ್ಯ ಕೊನೆಯ ರೀಲಿನವರೇ,

ತಗಡಿನ ಡಬ್ಬಿಯೊಳಗೆ ಸುಖವಾಗಿ ಸುರುಳಿ ಸುತ್ತಿಕೊಂಡಿರುವ ತಮಗೆ, ವಿಶ್ವವಿದ್ಯಾಲಯದ ಹಾಸ್ಟೆಲಿನ ಮೂಲೆ ಕೋಣೆಯಿಂದ ಮೊದಲ ವರ್ಷದ ವಿದ್ಯಾರ್ಥಿನಿಯೊಬ್ಬಳ ಸವಿನಯ ವಂದನೆಗಳು. ನಮ್ಮಿಬ್ಬರ ಪರಿಚಯ ತೀರಾ ತಡವಾಗಿ, ಅದೂ ತುಂಬಿದ ಸಭೆಯಲ್ಲಿ ಆಯಿತು. ಅದಕ್ಕೆ ಕಾರಣ ನನ್ನ ಚಿಕ್ಕಪ್ಪ ಎಂಬುದನ್ನು ಮೊದಲೇ ಅರಿಕೆ ಮಾಡಿಕೊಳ್ಳುತ್ತೇನೆ.

ಚಿಕ್ಕಪ್ಪ ನಮ್ಮೂರಿನ ಏಕೈಕ ಚಿತ್ರಮಂದಿರದ ಆಪರೇಟರ್. ಹೊಸ ಚಿತ್ರ ಬಾರದ ವಾರಗಳಲ್ಲಿ, ಅಂದರೆ ಹೆಚ್ಚುಕಡಿಮೆ ಎಲ್ಲ ವಾರಗಳಲ್ಲೂ, ಮಾಲೀಕರು ಯಾವ ಕಾಲದಲ್ಲೋ ಕೊಂಡಿಟ್ಟಿದ್ದ, ತಾವಿರುವ ಚಿತ್ರವನ್ನೇ ಓಡಿಸುತ್ತಿದ್ದ. ಕಡೆಯ ಬಸ್ಸು ಹೊರಡುವ ಹೊತ್ತಿಗೇ ತಾವೂ ಪರದೆಗೆ ದಯಮಾಡಿಸುತ್ತಿದ್ದುದರಿಂದ, ಸುತ್ತಲಿನ ಊರುಗಳವರು ಕತ್ತಲಲ್ಲಿ ಒಬ್ಬರ ಕಾಲನ್ನೊಬ್ಬರು ತುಳಿಯುತ್ತ ಬಾಗಿಲಿಗೆ ನುಗ್ಗುವುದನ್ನು ನೋಡಲಾರದೆ, ಆತ ತಮ್ಮನ್ನು ಹಾಕುವುದನ್ನೇ ಬಿಟ್ಟುಬಿಟ್ಟ. "ಆಗ್ಬೇಕಾದ್ದೆಲ್ಲ ಆಗಿಹೋಯ್ತಲ್ಲ, ಇನ್ನೇನಿದ್ರೂ ಮನೆಗೆ ಹೋಗೋದೇ" ಎಂಬುದು ಅವನ ಸಮಜಾಯಿಷಿ.

ಹೀಗಾಗಿ ನಮ್ಮೂರಿನ ಪಾಲಿಗೆ ಆ ಚಿತ್ರ ಮುಗಿಯುವುದೇ ಬೇರೆ ಕಡೆ. ಚಿತ್ರದಲ್ಲಿ ಇಸ್ತ್ರಿ ಅಂಗಡಿಯವರ ಮಗಳೊಬ್ಬಳು ವಿಶ್ವವಿದ್ಯಾಲಯಕ್ಕೆ ಓದಲು ಬರುತ್ತಾಳೆ. ಅವಳ ಮಾತಿಗೆ, ಚಪ್ಪಲಿಗೆ, ಕಡೆಗೆ ಪುಸ್ತಕ ಹಿಡಿಯುವ ರೀತಿಗೂ ಎಲ್ಲರೂ ನಗುತ್ತಾರೆ. ಕೊನೆಯ ಬೆಂಚಿನ ತುದಿಯಲ್ಲಿ ತುಟಿ ಬಿಚ್ಚದೆ ಕೂತಿದ್ದವಳು ಒಂದು ದಿನ ಎದ್ದು ನಿಂತು "ಸರ್, ನಂದೊಂದು ಪ್ರಶ್ನೆ ಇದೆ" ಎನ್ನುತ್ತಾಳೆ. ಅಲ್ಲಿಗೆ ಚಿತ್ರಮಂದಿರದ ದೀಪ ಹತ್ತುತ್ತದೆ. ಆ ಪ್ರಶ್ನೆ ಏನಿರಬಹುದೆಂದು ದಾರಿಯುದ್ದಕ್ಕೂ ಚರ್ಚೆ. ಮೇಷ್ಟರ ಬೆವರಿಳಿಸುವಂಥದ್ದೇ ಇರಬೇಕೆಂದು ಅಮ್ಮ ಅಕ್ಕಪಕ್ಕದವರೊಡನೆ ವಾದಕ್ಕೇ ಬೀಳುತ್ತಿದ್ದಳು. ನಾನು ಓದಲು ಹೊರಟದ್ದು ಆ ಹುಡುಗಿಯನ್ನು ನಂಬಿ.

ಇಲ್ಲಿ ನೋಡಿದರೆ ಎಲ್ಲರಿಗೂ ಎಲ್ಲವೂ ಮೊದಲೇ ಗೊತ್ತು: ಯಾವ ಮೇಷ್ಟರ ಯಾವ ಮಾತಿಗೆ ನಗಬೇಕು, ಕ್ಯಾಂಟೀನಿನ ಯಾವ ಮೇಜು ಯಾರದು, ಓದದ ಪುಸ್ತಕದ ಬಗ್ಗೆ ಹೇಗೆ ತಲೆಯಾಡಿಸಬೇಕು. ನಾನು ಮಾತ್ರ ಎಲ್ಲರ ನಗು ನಿಂತ ಮೇಲೆ ಸರಿಯಾಗಿ ನಗಲು ಶುರುಮಾಡುತ್ತೇನೆ. ಇಲ್ಲಿ ನನಗೆ ಬಹಳ ಒಂಟಿ ಅನಿಸುತ್ತದೆ, ರೀಲಿನವರೇ; ಮನೆಗೆ ಇದನ್ನು ತಿಳಿಸಿಲ್ಲ. ಅವಳೂ ಸುಮ್ಮನೆ ಕೂತಿದ್ದಳಲ್ಲ ಎಂದು ಧೈರ್ಯ ತಂದುಕೊಂಡಿದ್ದೆ, ಅಷ್ಟೆ.

ಅಷ್ಟರಲ್ಲಿ ಇಲ್ಲಿನ ಚಿತ್ರ ಸಂಘದವರು ಅದೇ ಚಿತ್ರದ ಇನ್ನೊಂದು ಪ್ರತಿಯನ್ನು ತರಿಸಿದರು. ನನ್ನ ಮೆಚ್ಚಿನ ಚಿತ್ರವೆಂದು ಬಾಯಿಬಿಟ್ಟ ತಪ್ಪಿಗೆ ಸಂಘದ ಕಾರ್ಯದರ್ಶಿ ನನ್ನನ್ನು ವೇದಿಕೆ ಹತ್ತಿಸಿದ; ನಾನೂ ಉಬ್ಬಿಹೋಗಿ, ಯಾರು ಎಷ್ಟು ನಕ್ಕರೂ ಊರಿಗೆ ಓಡಿಹೋಗದ ಹೆಣ್ಣಿನ ಕಥೆಯಿದು ಎಂದು ಭಾಷಣ ಬಿಗಿದೆ. ಚಿತ್ರ ಓಡಿತು, ಅವಳು ಪ್ರಶ್ನೆ ಇದೆ ಎಂದಳು, ಚಿತ್ರ ಮುಗಿಯಿತೆಂದು ನಾನು ಚೀಲ ಹೆಗಲಿಗೇರಿಸಿ ಎದ್ದೂಬಿಟ್ಟೆ. ಆಗ ತಾವು ದಯಮಾಡಿಸಿದಿರಿ. "ಸರ್, ನಾನು ಊರಿಗೆ ಹೋಗ್ಲಾ?" ಇದು ಅವಳ ಪ್ರಶ್ನೆ! ಮೇಷ್ಟರು ಕಣ್ಣೊರೆಸಿಕೊಂಡು ಹರಸಿದರು, ಬಸ್ಸು ಬಂತು, ಊರಿನ ಮೆಕ್ಯಾನಿಕ್ ಒಬ್ಬನೊಡನೆ ಮದುವೆಯಾಯಿತು, ಇಸ್ತ್ರಿ ಪೆಟ್ಟಿಗೆ ಹಿಡಿದು ಹಾಡೂ ಆಯಿತು. ಚೀಲ ಹೊತ್ತು ನಿಂತಿದ್ದ ನನ್ನನ್ನು ನೋಡಿ ಇಡೀ ಸಭಾಂಗಣ ಬಿದ್ದೂ ಬಿದ್ದೂ ನಕ್ಕಿತು. ಅಂದಿನಿಂದ ಹಾಸ್ಟೆಲಿನ ಮೆಟ್ಟಿಲ ಮೇಲೆ ಎದುರಾದವರೆಲ್ಲ "ಇನ್ನೂ ಬಸ್ ಸಿಗ್ಲಿಲ್ವಾ?" ಎಂದು ಕ್ಷೇಮ ವಿಚಾರಿಸುತ್ತಾರೆ.

ಒಂದೇ ಡಬ್ಬಿಯಲ್ಲಿ ಓದು ಬಿಡಿಸಿ, ಮದುವೆ ಮುಗಿಸಿ, ಹಾಡನ್ನೂ ಹಾಡಿಸುವ ತಮ್ಮ ಕಾರ್ಯದಕ್ಷತೆಯನ್ನು, ಒಂದು ಗುರುತಿನ ಚೀಟಿ ಕೊಡಲು ಇಡೀ ವರ್ಷ ಸಾಲದ ನಮ್ಮ ಆಡಳಿತ ಕಚೇರಿ ಕಾಲು ಹಿಡಿದು ಕಲಿಯಬೇಕು. ಆದರೂ ತಮ್ಮಲ್ಲೊಂದು ಸಣ್ಣ ಬಿನ್ನಹ: ದಯಮಾಡಿ ಒಮ್ಮೆ ಹಿಮ್ಮುಖವಾಗಿ ಓಡಬೇಕು. ಅವಳು ಮದುವೆಮನೆಯಿಂದ ಹಿಂದೆ ಹಿಂದೆ ನಡೆಯಲಿ, ಬಸ್ಸು ಎಬ್ಬಿಸಿದ ಧೂಳನ್ನೆಲ್ಲ ತಾನೇ ನುಂಗಿಕೊಂಡು ವಿಶ್ವವಿದ್ಯಾಲಯದ ಗೇಟಿಗೆ ಮರಳಲಿ, ಮೇಷ್ಟರ ಕಣ್ಣೀರು ಕಣ್ಣಿಗೇ ಹತ್ತಲಿ, ಅವಳು ಆ ಪ್ರಶ್ನೆಯನ್ನು ನುಂಗಿಕೊಂಡು ಬೇರೇನಾದರೂ ಕೇಳಲಿ.

ತಮ್ಮ ಒಪ್ಪಿಗೆಗೆ ಕಾಯುವ ವ್ಯವಧಾನ ನನಗಿರಲಿಲ್ಲ, ಕ್ಷಮಿಸಬೇಕು. ಟ್ರಂಕು ತುಂಬಿಟ್ಟು ನಿನ್ನೆ ತರಗತಿಗೆ ಹೋದವಳು, ನಡುವೆ ಎದ್ದು ನಿಂತು "ಸರ್, ನಂದೊಂದು ಪ್ರಶ್ನೆ ಇದೆ" ಎಂದೆ. ನಗಲು ಸಿದ್ಧವಾಗಿ ಎಲ್ಲರೂ ನನ್ನತ್ತ ತಿರುಗಿದರು. ಸುಳ್ಳೇಕೆ ಹೇಳಲಿ, ಊರಿಗೆ ಹೋಗಲು ಅಪ್ಪಣೆ ಕೇಳಲೆಂದೇ ಎದ್ದಿದ್ದೆ. ಆದರೆ ಬಾಯಿಗೆ ಬಂದದ್ದು, "ವಾರದಿಂದ ನೀವು ಹೇಳ್ತಿರೋದು ನಂಗೆ ಒಂಚೂರೂ ಅರ್ಥ ಆಗಿಲ್ಲ, ಮೊದಲಿಂದ ಹೇಳ್ತೀರಾ?" ಮೇಷ್ಟರು ಹಲಗೆ ಒರೆಸಿ, ಮೊದಲಿನಿಂದ ಶುರುಮಾಡಿದರು. ತರಗತಿಯ ತುಂಬ ಪುಟ ತಿರುವುವ ಸದ್ದು. ನಗಲು ತಿರುಗಿದವರೆಲ್ಲ ತಲೆ ತಗ್ಗಿಸಿ ಬರೆದುಕೊಳ್ಳುತ್ತಿದ್ದರು. ಚಿತ್ರ ಸಂಘದ ಕಾರ್ಯದರ್ಶಿ ನನ್ನತ್ತ ಬಾಗಿ, ಇನ್ನೊಂದು ಪೆನ್ನು ಇದೆಯೇ ಎಂದು ಕೇಳಿದ. ಟ್ರಂಕಿನ ಬಟ್ಟೆಗಳು ಮತ್ತೆ ಗೂಟ ಸೇರಿವೆ.

ತಮ್ಮ ವಿಶ್ವಾಸಿ,
ಇನ್ನೂ ಬಸ್ಸು ಹತ್ತದವಳು

ಮರೆತ ಮಾತು: ಕಡೆಯ ಬಸ್ಸು ಈಗ ತಡವಾಗಿ ಹೊರಡುತ್ತದಂತೆ; ತಮ್ಮನ್ನು ಓಡಿಸಲು ಬೇಕಾದಷ್ಟು ಸಮಯವಿದೆ. ಆದರೂ ನಮ್ಮೂರಿನಲ್ಲಿ ತಮ್ಮನ್ನು ಯಾರೂ ಕೇಳಿಲ್ಲ, ಚಿಕ್ಕಪ್ಪನೂ ಹೊರತೆಗೆದಿಲ್ಲ. ಚಿತ್ರಮಂದಿರದ ಬಾಗಿಲು ಗಾಳಿಗೆ ಮುಚ್ಚಿಕೊಳ್ಳದಿರಲೆಂದು ಅದಕ್ಕೆ ತಮ್ಮ ಡಬ್ಬಿಯನ್ನು ಅಡ್ಡ ಇಟ್ಟಿದ್ದಾನೆ. ಅಂತೂ ತಮ್ಮಿಂದ ಒಂದು ಬಾಗಿಲಾದರೂ ತೆರೆದೇ ಇದೆ.