ಬಂದೂಕಿನ ನವೀಕರಣವೂ ನನ್ನ ಮೀಸೆಯೂ

ಬಂದೂಕಿನ ಲೈಸೆನ್ಸುಗಳನ್ನು ವರ್ಷಕ್ಕೊಮ್ಮೆ ನವೀಕರಿಸುವ ಗುಮಾಸ್ತರ ಸನ್ನಿಧಾನಕ್ಕೆ,

ಮಾನ್ಯರೇ,

ತಾವೂ, ತಮ್ಮ ಮೇಜೂ, ಮೇಜಿನ ಮೇಲಿನ ಮೊಹರೂ, ಮೊಹರಿನ ಮೇಲಿನ ಧೂಳೂ ಕ್ಷೇಮವಾಗಿರುವಿರೆಂದು ನಂಬಿ, ಹರಿಯಬ್ಬೆಯ ರೈತ ದೊಡ್ಡತಿಮ್ಮಪ್ಪನು ಮಾಡುವ ಸಾಷ್ಟಾಂಗ ನಮಸ್ಕಾರಗಳು. ತಮ್ಮ ಕಚೇರಿ ಯಾವ ಊರಿನದೆಂದು ಇಲ್ಲಿ ಬರೆದಿಲ್ಲ. ಬರೆದರೆ ತಮ್ಮ ಕೀರ್ತಿ ಒಂದೇ ಊರಿಗೆ ಅಂಟಿಕೊಂಡೀತೆಂಬ ಭಯ.

ಹೋದ ವಾರ ನಾನು ಒಂಟಿ ನಳಿಗೆಯ ನನ್ನ ಬಂದೂಕನ್ನೂ ಅದರ ಲೈಸೆನ್ಸನ್ನೂ ಹೊತ್ತು ತಮ್ಮ ಮುಂದೆ ನಿಂತೆನಷ್ಟೆ. ತಾವು ಲೈಸೆನ್ಸಿನಲ್ಲಿದ್ದ ಚಹರೆ ಪಟ್ಟಿಯನ್ನು, ಅಂದರೆ ‘ಎತ್ತರದ ಆಳು, ಎಡಗೆನ್ನೆಯಲ್ಲಿ ಮಚ್ಚೆ, ಹುರಿ ಮಾಡಿದ ಕರಿ ಮೀಸೆ’ ಎಂಬುದನ್ನು ಓದಿ, ನನ್ನ ಮುಖ ನೋಡಿ, “ಆಳು ಐತೆ, ಮಚ್ಚೆ ಐತೆ, ಮೀಸೆ ಎಲ್ಲೈತಪ್ಪ? ತಾಳೆ ಆಗಲ್ಲ. ಮೀಸೆ ಬಂದ ಮ್ಯಾಲೆ ಬಾ” ಎಂದು ಅಪ್ಪಣೆ ಕೊಡಿಸಿ, ಬಂದೂಕನ್ನು ಬೀರುವಿನ ಹಿಂದೆ ಇರಿಸಿಕೊಂಡಿರಿ. ಜೊತೆಗೆ ಬಂದಿದ್ದ ನಮ್ಮೂರ ಪಟೇಲ ಗೊಲ್ಲಪ್ಪ, “ಸ್ವಾಮಿ, ಹುಟ್ಟಿದಾಗಿಂದ ನೋಡೀನಿ, ಇವನೇ ಅವನು” ಎಂದು ಸಾಕ್ಷಿ ನುಡಿದದ್ದಕ್ಕೆ, “ಹುಟ್ಟಿದಾಗ ಮೀಸೆ ಇತ್ತೇನ್ರಿ?” ಎಂದು ತಾವು ಕೇಳಿದ ಪ್ರಶ್ನೆಗೆ ಮೈಸೂರಿನ ವಕೀಲರಲ್ಲೂ ಉತ್ತರವಿರಲಾರದು.

ಮೀಸೆ ಎಲ್ಲಿ ಹೋಯಿತೆಂಬ ನನ್ನ ಅರಿಕೆಯನ್ನು ಕೇಳಲು ತಮಗೆ ಆಗ ಪುರುಸೊತ್ತಿರಲಿಲ್ಲ, ಈಗ ಲಾಲಿಸಬೇಕು. ಹೋದ ವರ್ಷ ನನ್ನ ಲೈಸೆನ್ಸು ತಮ್ಮ ಮೇಜಿನ ಮೇಲೆ ನಾಲ್ಕು ತಿಂಗಳು ವಿಶ್ರಾಂತಿ ಪಡೆಯುತ್ತಿದ್ದಾಗ, ಇದೊಂದು ನವೀಕರಣವಾಗಲಿ ಮುಡಿ ಕೊಡುತ್ತೇನೆ ಎಂದು ತಿರುಪತಿಯ ಸ್ವಾಮಿಗೆ ಹರಕೆ ಹೊತ್ತೆ. ಮರುವಾರವೇ ಮೊಹರು ಬಿತ್ತು. ಈ ವರ್ಷದ ನವೀಕರಣಕ್ಕೆ ಮತ್ತೆ ಅದೇ ಸ್ವಾಮಿಯ ಮುಂದೆ ಕೈಮುಗಿಯುವ ಮೊದಲು ಹಳೆಯ ಹರಕೆಯನ್ನು ತೀರಿಸುವುದು ಮರ್ಯಾದಸ್ಥನ ಲಕ್ಷಣವಲ್ಲವೇ? ಅದಕ್ಕೆಂದೇ ಮೊನ್ನೆ ಮಹಾನವಮಿ ಕಳೆದ ಮೇಲೆ ಹೋಗಿಬಂದೆ. ತಲೆಯ ಮೇಲೆ ಕೊಡುವಂಥದ್ದೇನೂ ಉಳಿದಿರಲಿಲ್ಲವಾದ ಕಾರಣ, ಹೊಸದುರ್ಗ ಹೊಳಲ್ಕೆರೆಯ ಸಂತೆಗಳಲ್ಲಿ ಜನ ವ್ಯಾಪಾರ ಬಿಟ್ಟು ನಿಂತು ನೋಡುತ್ತಿದ್ದ ಮೀಸೆಯನ್ನು, ದೇವರಿಗೆ ಮೋಸವಾಗಬಾರದೆಂದು ಎರಡೂ ಕಡೆ ಪೂರ್ತಿ ಒಪ್ಪಿಸಿದೆ. ಹೀಗೆ ತಮ್ಮ ನವೀಕರಣದ ಸಲುವಾಗಿ ಹೋದ ಮೀಸೆಯೇ ಈಗ ತಮ್ಮ ನವೀಕರಣಕ್ಕೆ ಅಡ್ಡ ಬಂದು ಕೂತಿದೆ.

ಮಾನ್ಯರೇ, ನಾನು ಐಗಳ ಮಠದಲ್ಲಿ ಮರಳ ಮೇಲೆ ಅಕ್ಷರ ತಿದ್ದಿದವನು. ನನ್ನಷ್ಟು ಬೇಗ ತಿದ್ದಿದವರು ಆ ಸೀಮೆಯಲ್ಲಿರಲಿಲ್ಲ. ಆದರೂ ನವೀಕರಣವೆಂಬ ಮಾತಿನ ಅರ್ಥ ನನಗೆ ಈ ತನಕ ತಪ್ಪಾಗಿ ತಿಳಿದಿತ್ತೆಂದು ನಾಚಿಕೆಯಿಂದ ಒಪ್ಪಿಕೊಳ್ಳುತ್ತೇನೆ. ಬಬ್ಬೂರಿನ ಕಮ್ಮಾರ ಸವೆದ ನೇಗಿಲ ಕುಳವನ್ನು ಕಾಸಿ ಬಡಿದು ಕೊಡುತ್ತಾನಲ್ಲ, ಅದು ನವೀಕರಣವೆಂದುಕೊಂಡಿದ್ದೆ. ಚಿತ್ರದುರ್ಗದಿಂದ ಬರುವ ಕಲಾಯಿ ಸಾಬರು ಹಸಿರುಗಟ್ಟಿದ ತಪ್ಪಲೆಯನ್ನು ಬೆಳ್ಳಿಯಂತೆ ಹೊಳೆಯಿಸುವುದನ್ನೂ, ಮಳೆಗಾಲಕ್ಕೆ ಮುಂಚೆ ನಾವು ಮಾಳಿಗೆಯ ಮೇಲೆ ಹೊಸ ಚೌಳು ಮಣ್ಣು ಹರಡುವುದನ್ನೂ ಅದೇ ಲೆಕ್ಕಕ್ಕೆ ಸೇರಿಸಿದ್ದೆ. ಆದರೆ ಕಲಾಯಿಯವರು ಯಾವತ್ತೂ, “ತಪ್ಪಲೆ ಹೋದ ವರ್ಷ ಇದ್ದಂಗೇ ಇದ್ರೆ ಮಾತ್ರ ಮುಟ್ತೀವಿ” ಎಂದವರಲ್ಲ. ಕಾಗದ ಹೊಸದಾಗಬೇಕಾದರೆ ಮನುಷ್ಯ ಹಳಬನಾಗಿಯೇ ನಿಂತಿರಬೇಕೆಂಬ ಸೂಕ್ಷ್ಮ ಹೊಳೆದದ್ದು ತಮ್ಮೊಬ್ಬರಿಗೆ ಮಾತ್ರ.

ಇತ್ತ ನನ್ನ ಮೂರೆಕರೆ ಕಡಲೆಕಾಯಿ ಕೀಳಲು ಹದಿನೈದು ದಿನ ಉಳಿದಿದೆ, ಹಂದಿಗಳು ಈಗಾಗಲೇ ಕಿತ್ತುಕೊಳ್ಳಲು ಶುರು ಮಾಡಿವೆ. ಬಂದೂಕಿದ್ದಾಗ ನಾನು ಬದುವಿನ ಮೇಲೆ ನಿಂತು ಒಮ್ಮೆ ಕೆಮ್ಮಿದರೆ ಸಾಕು, ಹಂದಿಗಳು ರಾಮಗಿರಿ ಗುಡ್ಡ ದಾಟುವ ತನಕ ತಿರುಗಿ ನೋಡುತ್ತಿರಲಿಲ್ಲ. ಈಗ ಅವಕ್ಕೂ ನನ್ನ ಗುರುತು ಹತ್ತುತ್ತಿಲ್ಲ. ಚಹರೆ ಪಟ್ಟಿಯನ್ನು ಅವೂ ಓದಿರಬೇಕು. ಸಂಜೆಯಾದರೆ ಡಬ್ಬ ಬಡಿಯುತ್ತ ಹೊಲ ಕಾಯುವ ನನ್ನ ಹೆಂಡತಿ ಏಕಾಂತಮ್ಮನಂತೂ, “ಮೀಸೆ ಹೋದ್ರೆ ಹೋಗ್ಲಿ, ಬಡಾಯಿ ಹಂಗೇ ಐತಲ್ಲ, ಅದನ್ನೇ ಪಟ್ಟಿನಾಗೆ ಬರ್ಕಳ್ರಿ ಅನ್ಬಾರ್ದಾಗಿತ್ತಾ?” ಎನ್ನುತ್ತಾಳೆ. ಅವಳ ಮಾತನ್ನು ನಾನು ಒಪ್ಪುವುದಿಲ್ಲವಾದರೂ ತಮ್ಮ ಅವಗಾಹನೆಗೆ ತಂದಿದ್ದೇನೆ.

ಆದ್ದರಿಂದ ನನ್ನ ವಿನಂತಿಯೇನೆಂದರೆ, ಮೀಸೆ ಬೆಳೆಯುವ ತನಕ ತಾವೇ ನನ್ನ ಹೊಲದಲ್ಲಿ ಮೇಜು ಹಾಕಿಕೊಂಡು ಕೂತು, ಬರುವ ಹಂದಿಗಳನ್ನು ಹೋದ ವರ್ಷದವುಗಳೊಡನೆ ತಾಳೆ ನೋಡಿ, ತಾಳೆಯಾಗದವನ್ನು ಬಾಲ ಬೆಳೆಸಿಕೊಂಡು ಬನ್ನಿರೆಂದು ಹಿಂದಕ್ಕೆ ಕಳಿಸಬೇಕು. ಅದಾಗದಿದ್ದರೆ ತಿರುಪತಿಗೆ ಸರ್ಕಾರಿ ಕಾಗದ ಬರೆದು ನನ್ನ ಮೀಸೆಯನ್ನು ವಾಪಸು ತರಿಸಬೇಕು. ಹುಡುಕುವುದು ಕಷ್ಟವಲ್ಲ, ಅಲ್ಲಿ ಬಿದ್ದವುಗಳಲ್ಲೆಲ್ಲ ದೊಡ್ಡದು ನನ್ನದೇ. ಎರಡೂ ಆಗದಿದ್ದರೆ ಪಟ್ಟಿಯಲ್ಲಿ ಮೀಸೆಯ ಮಾತನ್ನು ಹೊಡೆದುಹಾಕಿ ಬಂದೂಕು ಕೊಡಿಸಬೇಕು. ಮೂರನೆಯದು ಅಸಾಧ್ಯವೆಂದು ಬಲ್ಲೆ. ಮೊದಲಿನ ಎರಡನ್ನೇ ನೆಚ್ಚಿಕೊಂಡಿದ್ದೇನೆ.

ಸಾಧಾರಣ ಸಂವತ್ಸರದ ಕಾರ್ತಿಕ ಮಾಸ, ಹರಿಯಬ್ಬೆ.

ಮುಖ ಬೋಳಾದರೂ ಭಕ್ತಿ ಬೋಳಾಗದ
ತಮ್ಮ ವಿಶ್ವಾಸಿ,
ದೊಡ್ಡತಿಮ್ಮಪ್ಪ

ತಾ.ಕ.: ಇದನ್ನು ಅಂಚೆಗೆ ಹಾಕುವುದರೊಳಗೆ ಎಂಟು ದಿನ ಕಳೆದು ಮೀಸೆ ಬಂದಿದೆ, ಬೆಳ್ಳಗೆ ಬಂದಿದೆ. ಮೊದಲಿನದು ಕರ್ರಗಿದ್ದುದು ಹೇಗೆಂಬುದು ನನಗೂ ಏಕಾಂತಮ್ಮನ ಕಾಡಿಗೆ ಡಬ್ಬಿಗೂ ಮಾತ್ರ ಗೊತ್ತು. ತಮ್ಮ ಮೀಸೆಯಂತೂ ಇಪ್ಪತ್ತು ವರ್ಷದಿಂದ ಒಂದೇ ಕಪ್ಪು. ಹೋದ ಸಲ ತಾವು ಬೆವರು ಒರೆಸಿಕೊಂಡಾಗ ಆ ಮೀಸೆಯ ಕಪ್ಪು ತಮ್ಮ ಕೈವಸ್ತ್ರಕ್ಕೆ ಇಳಿದದ್ದನ್ನು ನಾನೂ ಪಟೇಲರೂ ಕಣ್ಣಾರೆ ಕಂಡೆವು. ಪತ್ರದ ಮೇಲಿನ ಭಾಗವನ್ನು ನಮ್ಮೂರ ಚಾವಡಿಯಲ್ಲಿ ಎಲ್ಲರಿಗೂ ಓದಿ ಹೇಳಿಯಾಗಿದೆ. ಈ ಕೊನೆಯ ಸಾಲುಗಳನ್ನು ಮಾತ್ರ ಸೋಮವಾರ ಓದಲೆಂದು ಇಟ್ಟುಕೊಂಡಿದ್ದೇನೆ. ಬಂದೂಕು ಭಾನುವಾರ ಬಂದರೂ ನಡೆದೀತು.