ಚುಕ್ಕಿಯ ಹಕ್ಕುದಾರ

ಜಗಳ ಹುಟ್ಟಿದ್ದು ಸಾಸಿವೆಗಿಂತ ಚಿಕ್ಕದಾದ ಒಂದು ಚುಕ್ಕಿಯಿಂದ.

ಆಸ್ಪತ್ರೆಯೊಂದಕ್ಕೆ ಹೊಸ ಸಾಫ್ಟ್‌ವೇರು ತಯಾರಾಗುತ್ತಿತ್ತು. ಅದರಲ್ಲಿ ಮಾಹಿತಿಯೆಲ್ಲ ಡಬ್ಬಿಯೊಳಗೆ ಡಬ್ಬಿ ಇಟ್ಟ ಹಾಗೆ: ವಾರ್ಡಿನೊಳಗೆ ಹಾಸಿಗೆ, ಹಾಸಿಗೆಯೊಳಗೆ ರೋಗಿ, ರೋಗಿಯೊಳಗೆ ಔಷಧಿ. ಒಳಗಿನದ್ದು ಬೇಕೆಂದರೆ ದಾರಿಯನ್ನು ಹೇಗೆ ಬರೆದು ಕೇಳಬೇಕು ಎಂದು ತೀರ್ಮಾನಿಸುವ ಕೆಲಸ ನಮ್ಮ ಕನ್ನಡಕದವನದು. ತಿಂಗಳುಗಟ್ಟಲೆ ತಲೆ ಕೆರೆದುಕೊಂಡು ಅವನು ಕಂಡುಕೊಂಡ ಉತ್ತರ ಚುಕ್ಕಿ. ವಾರ್ಡು ಚುಕ್ಕಿ ಹಾಸಿಗೆ ಚುಕ್ಕಿ ರೋಗಿ. ಚುಕ್ಕಿ ಇಟ್ಟಲ್ಲೆಲ್ಲ ಒಂದೊಂದು ಬಾಗಿಲು ತೆರೆದುಕೊಳ್ಳುತ್ತದೆ. ಈ ಸಲ ಬಡ್ತಿ ಖಂಡಿತ ಎಂದು ಹೆಂಡತಿಗೂ ಹೇಳಿಬಿಟ್ಟಿದ್ದ.

ಬೆಳಗಿನ ಮೀಟಿಂಗಿನಲ್ಲಿ ಮ್ಯಾನೇಜರು ಪರದೆಗೆ ಮೂಗು ತಾಗಿಸಿ ನೋಡಿದರು. "ಎಲ್ಲಿದೆ ರೀ ಚುಕ್ಕಿ? ಕಾಣಿಸೋದೇ ಇಲ್ವಲ್ಲ. ಬಾಣ ಹಾಕಿ. ದುಡ್ಡು ಕೊಟ್ಟವರ ಕಣ್ಣಿಗೆ ಏನಾದ್ರೂ ಬೀಳಬೇಕು."

"ಬಾಣ ಚುಚ್ಚತ್ತೆ ಸರ್, ಓರೆಗೆರೆ ಸಾಕು," ಎಂದಳು ಟೆಸ್ಟರ್. ತಪ್ಪು ಹುಡುಕುವುದು ಅವಳಿಗೆ ಕೆಲಸವೂ ಹೌದು, ಹವ್ಯಾಸವೂ ಹೌದು.

ಕಾಫಿ ಲೋಟ ಹಿಡಿದು ಸುಮ್ಮನೆ ಇಣುಕಿದ ಲೆಕ್ಕಪತ್ರ ವಿಭಾಗದವರು, "ಇವೆಲ್ಲ ಯಾಕೆ? ವಾರ್ಡಿನ ಹಾಸಿಗೆಯ ರೋಗಿಯ ಔಷಧಿ ಅಂತ ಮಾತಾಡೋ ಹಾಗೇ ಬರೀರಿ," ಎಂದು ಹೇಳಿ ಹೊರಟುಹೋದರು. ಎಲ್ಲಿ 'ಯ', ಎಲ್ಲಿ 'ಇನ' ಎಂಬ ಚರ್ಚೆ ಊಟದ ಹೊತ್ತಿನವರೆಗೆ ನಡೆಯಿತು.

ಊಟವಾದ ಮೇಲೆ ಕನ್ನಡಕದವನು ಒಬ್ಬೊಬ್ಬರ ಮೇಜಿಗೂ ಹೋಗಿ ಗೋಗರೆದ. "ಬಾಣಕ್ಕೆ ಗೆರೆಗೊಂದು, ಮೊನೆಗೊಂದು ಅಂತ ಎರಡೆರಡು ಕೀಲಿ ಒತ್ತಬೇಕು. ನರ್ಸಮ್ಮನಿಗೆ ಅಷ್ಟು ಪುರುಸೊತ್ತೆಲ್ಲಿ?" ಅವನ ಮಾತಿಗಲ್ಲದಿದ್ದರೂ ಅವನ ಕಾಟಕ್ಕೆ ಸೋತು ಎಲ್ಲರೂ ಹೂಂ ಅಂದರು.

ಸಂಜೆ ಆಸ್ಪತ್ರೆಯ ಮುಖ್ಯ ವೈದ್ಯರು ನೋಡಲು ಬಂದರು. ಔಷಧಿ ಥಟ್ಟನೆ ಸಿಕ್ಕಿದ್ದು ಕಂಡು ಅವರ ಮುಖ ಅರಳಿತು.

"ಚುಕ್ಕಿ ನನ್ನದೇ ಐಡಿಯಾ," ಎಂದರು ಮ್ಯಾನೇಜರು. "ಇವರನ್ನೆಲ್ಲ ಒಪ್ಪಿಸೋ ಹೊತ್ತಿಗೆ ಸಾಕುಸಾಕಾಯ್ತು."

ಕನ್ನಡಕದವನ ಮುಖ ಹಿಂಡಿ ಒಣಹಾಕಿದ ಬಟ್ಟೆಯಂತಾಯಿತು.

"ಎಲ್ಲಿ, ನನ್ನ ಹೆಸರು ಹುಡುಕಿ ನೋಡೋಣ," ಎಂದರು ವೈದ್ಯರು.

ಮ್ಯಾನೇಜರು ತಾವೇ ಕುಳಿತು 'ಸಿಬ್ಬಂದಿ' ಎಂದು ಬರೆದು ಚುಕ್ಕಿ ಇಟ್ಟರು. ಮುಂದೆ 'ಡಾ' ಬರೆದು, ರೂಢಿಯಂತೆ ಅದಕ್ಕೂ ಒಂದು ಚುಕ್ಕಿ ಇಟ್ಟು, ವೈದ್ಯರ ಹೆಸರು ಸೇರಿಸಿದರು. ಯಂತ್ರಕ್ಕೆ ಅದೂ ಬಾಗಿಲಾಗಿಯೇ ಕಂಡಿತು. ಪರದೆಯ ಮೇಲೆ ಉತ್ತರ ಮೂಡಿತು: 'ಡಾ ಎಂಬ ಸಿಬ್ಬಂದಿ ಇಲ್ಲ.'

ವೈದ್ಯರು ಹುಬ್ಬೇರಿಸಿದರು. "ಹಾಗಾದ್ರೆ ನನ್ನ ಚುಕ್ಕಿ ತೆಗೀಬೇಕಾ? ಅದನ್ನ ಹಾಕಿಸ್ಕೊಳ್ಳೋಕೆ ವರ್ಷಗಟ್ಟಲೆ ಓದಿದೀನಿ."

ಮ್ಯಾನೇಜರು ಮೆಲ್ಲನೆ ಎದ್ದು, ಕನ್ನಡಕದವನ ಹೆಗಲ ಮೇಲೆ ಕೈಹಾಕಿ, ಮದುಮಗನನ್ನು ಕರೆತರುವ ಹಾಗೆ ಮುಂದಕ್ಕೆ ತಂದು ನಿಲ್ಲಿಸಿದರು.

"ಇವರಿಗೆ ಸಂಕೋಚ ಜಾಸ್ತಿ ಡಾಕ್ಟ್ರೇ, ಅದಕ್ಕೇ ಆಗ ನಾನು ಮಾತಾಡಿದ್ದು. ಆದ್ರೆ ಒಬ್ಬರ ಶ್ರಮಾನ ಇನ್ನೊಬ್ಬರು ಹೊಡ್ಕೊಳ್ಳೋದು ನಮ್ಮಲ್ಲಿಲ್ಲ. ಈ ಚುಕ್ಕಿ ಪೂರ್ತಿ ಇವರದೇ. ನಾನು ಬೆಳಗಿಂದ ಬಾಣ, ಬಾಣ ಅಂತ ಬಡ್ಕೊಂಡೆ."

ಬೆಳಗಿನಿಂದ ಒಂದು ಮಾತನ್ನೂ ಮನಸಾರೆ ಒಪ್ಪದಿದ್ದ ಆ ಕೋಣೆಯಲ್ಲಿ ಎಲ್ಲರೂ ಒಟ್ಟಿಗೆ ತಲೆಯಾಡಿಸಿದರು.